ಕುದುರೆ ಬಿದ್ದರೆ ಹೌದು

ಮೊದಲ ವಾರ ಎಲ್ಲರೂ ಹೌದು ಅಂದರು.
ಉಲಾನ್‌ಬಾತರಿನ ಬಡಗಣ ಗುಡ್ಡ,
ಹಲಗೆಯ ಬೇಲಿ, ಒಳಗೆ ಉಣ್ಣೆ ಹೊದ್ದ ದುಂಡು ಮನೆ,
ನೂರಾ ಹನ್ನೆರಡು ಬಾಗಿಲು, ಅಷ್ಟೇ ಹೌದು.
ಇದನ್ನೆಲ್ಲ ಕಿತ್ತು ಹದಿನಾರು ಮಹಡಿ ಎಬ್ಬಿಸಲೇ? ಹೌದು.
ಬಿಸಿನೀರಿನ ಕೊಳವೆ ಬರಲೇ? ಹೌದು.
ಕೊಳವೆಗಿಳವೆ ಯಾಕೆ, ಇದ್ದ ಹಾಗೇ ಇರಲೇ?
ಅದಕ್ಕೂ ಹೌದು.
ಹೌದಪ್ಪನ ಚಾವಡಿಗೆ
ಮೈನಸ್ ಮೂವತ್ತರ ಚಳಿಯಲ್ಲೂ ಕದವಿಲ್ಲ.

ಉಪ್ಪು ಹಾಕಿದ ಹಾಲು ಚಹಾ ಕುಡಿದವಳು ನಾನು,
ಋಣ ನನ್ನದು;
ತೀರಿಸಿದವರು ಮಾತ್ರ ಅವರು.

ನಂಜಿದ್ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿದಳು,
ನೋಟಿನಲ್ಲಿ ನೀರಚ್ಚು ಹುಡುಕುವವಳ ಹಾಗೆ.
"ಇದು ಜನರ ಮಾತಲ್ಲ," ಅಂದಳು, "ನಿನ್ನ ಅಂಗಿಯ ಮಾತು."
ನೋಡಿಕೊಂಡೆ. ಕಿತ್ತಳೆ ಬಣ್ಣ, ಬೆನ್ನ ಮೇಲೆ
ಮನೆ ಕಟ್ಟುವ ಕಂಪನಿಯ ಹೆಸರು, ಅಂಗೈಯಗಲದ ಅಕ್ಷರ.
ಚಳಿಗೆ ಕೊಟ್ಟದ್ದು, ಹಾಕಿಕೊಂಡಿದ್ದೆ.

ಅಂಗಿ ಹೋಯಿತು. ದಾರಿ ತೋರಿಸಲು ಬರುತ್ತಿದ್ದ
ವಾರ್ಡಿನ ಮುಖಂಡ ಹೋದ, ಅವನ ಕೆಮ್ಮೂ ಹೋಯಿತು.
'ಅಭಿವೃದ್ಧಿ' ಅನ್ನುವ ಪದ ಹೊಡೆದು ಹಾಕಿದೆವು:
ಯಾವ ತಾಯಿಯ ಮಗ ಅದಕ್ಕೆ ಬೇಡ ಅಂದಾನು?
ಎದುರಾದವರನ್ನಲ್ಲ, ಏಳನೆಯ ಬೇಲಿಯನ್ನೇ ತಟ್ಟಬೇಕು;
ಬೀಗವಿದ್ದರೆ ನಾಳೆ, ನಾಳೆಯೂ ಇದ್ದರೆ ನಾಡಿದ್ದು,
ಪಕ್ಕದ ಮನೆಯವರು ಎಷ್ಟು ಕರೆದರೂ ಪಕ್ಕದ ಮನೆಯವರೇ.
ಹತ್ತಿರದ ಹುಟ್ಟುಹಬ್ಬ ಯಾರದೋ ಅವರಿಗೇ ಪ್ರಶ್ನೆ.
ಒಂದು ಮನೆಯಲ್ಲಿ ಅದು ಸೊಸೆ ಓದ್ಗೆರೆಲ್‌ದಾಗಿತ್ತು;
ಉತ್ತರ ಮಾವ ಕೊಟ್ಟ. ಮಾವನನ್ನು ಕಲ್ಲಿದ್ದಲು ತರಲು
ಕಳಿಸುವಷ್ಟರಲ್ಲಿ ಸೊಸೆಯ ಕೈಯ ಹಿಟ್ಟು ಒಣಗಿತ್ತು.

ಕೊನೆಯ ಪ್ರಶ್ನೆಗೆ ಕುರಿಯ ಹರಡಿನ ಮೂಳೆ.
ನಾವೆಲ್ಲ ಆಡಿ ಬೆಳೆದದ್ದು: ನಾಲ್ಕು ಮಗ್ಗುಲು,
ಕುರಿ, ಮೇಕೆ, ಕುದುರೆ, ಒಂಟೆ.
ನಂಜಿದ್ ಸಾವಿರ ಸಲ ಉರುಳಿಸಿ ಬರೆದಿಟ್ಟಿದ್ದಳು
ಕುದುರೆ ಎಷ್ಟು ಸಲ ಬೀಳುತ್ತದೆ ಎಂದು.
ಬಟ್ಟಲೊಳಗೆ ಉರುಳಿಸಿ, ನನಗೆ ತೋರಿಸಬೇಡಿ.
ಕುದುರೆ ಬಿದ್ದರೆ, ಮನಸ್ಸಿನಲ್ಲಿ ಏನೇ ಇರಲಿ, ಹೌದು ಅನ್ನಿ.
ಬೇರೇನು ಬಿದ್ದರೂ ನಿಜ ಹೇಳಿ.
ಪ್ರಶ್ನೆ ಇಷ್ಟೆ: ಈ ಬೇಲಿ ಬಿಟ್ಟು ಹೋಗಲು
ನಿಮಗೆ ಮನಸ್ಸಿಲ್ಲ, ಹೌದೋ ಅಲ್ಲವೋ?
ಆಮೇಲೆ ಯಾರು ಬಂದು ಗದರಿದರೂ
ಹೇಳಿದ್ದನ್ನು ಕುದುರೆಯ ತಲೆಗೆ ಕಟ್ಟಿ ಕೂತುಬಿಡಬಹುದು.

ಏರಿನ ತುದಿಯಲ್ಲೊಬ್ಬಳು ಅಜ್ಜಿ. ಹೆಸರು?
"ಗೊತ್ತಿಲ್ಲ."
ಬರೆಯದೆ ಕಾದೆ. ನಕ್ಕಳು, ಮೂರು ಹಲ್ಲು.
"ಅದೇ ಹೆಸರು. ಮೆದೆಖ್‌ಗುಯ್, ಗೊತ್ತಿಲ್ಲ ಅಂತ.
ನನಗಿಂತ ಮೊದಲಿನ ಮೂವರು ಉಳಿಯಲಿಲ್ಲ.
ಕೇಳಿಕೊಂಡು ಬರುವ ಪೀಡೆ
ದಾರಿ ತಪ್ಪಿ ಹೋಗಲಿ ಅಂತ ಅವ್ವ ಇಟ್ಟದ್ದು."
ಕೇಳಿಕೊಂಡು ಬಂದವಳು ನಾನು,
ತಲೆ ತಗ್ಗಿಸಿ ಬರೆದೆ.

ಬಟ್ಟಲು ಮುಚ್ಚಿದಳು. ಮೂಳೆ ಸದ್ದು ಮಾಡಿ ಸುಮ್ಮನಾಯಿತು.
ಸಂದಿಯಲ್ಲಿ ಇಣುಕಿ, "ಹೌದು."
ಎದೆ ಹಗುರಾಯಿತು ನನಗೆ. ಅಂದುಕೊಂಡೆ,
ಕೊನೆಗೂ ಒಬ್ಬಳು ಬಾಯಿಬಿಟ್ಟಳು.

ನಾಯಿ ಹಿಡಿದು ಬೇಲಿಯವರೆಗೆ ಬಂದಳು.
"ಬಿದ್ದದ್ದು ಕುದುರೆ, ಮಗಳೇ.
ನಲವತ್ತು ವರ್ಷ ಈ ಏರು ಹತ್ತಿ ನೀರು ಹೊತ್ತಿದ್ದೇನೆ.
ನಾಳೆಯೇ ಕೊಟ್ಟರೂ ಹೋಗುತ್ತೇನೆ,
ನಲ್ಲಿ ತಿರುಗಿಸಿ ಕಾಲು ತೊಳೆಯುತ್ತೇನೆ."

ಹೇಳಬಾರದಿತ್ತು. ಬರೆಯುವ ಹಾಗಿರಲಿಲ್ಲ.
ನಂಜಿದ್ ಕುದುರೆಯ ಪಾಲು ಕಳೆಯುತ್ತಾಳೆ,
ಉಳಿದದ್ದು ಗುಡ್ಡದ ಮನಸ್ಸು;
ಅದರಲ್ಲಿ ಈ ಕಾಲುಗಳಿಲ್ಲ.
ಕಿತ್ತಳೆ ಅಂಗಿ ಕಚೇರಿಯ ಮೊಳೆಯಲ್ಲಿತ್ತು.
ಅದರ ಒಳಗೆ ತೊಟ್ಟದ್ದು
ಇನ್ನೂ ಮೈಮೇಲೇ ಇತ್ತು: ಹೌದೆಲ್ಲ ಸುಳ್ಳು ಎಂದು
ಮೊದಲೇ ತೀರ್ಮಾನಿಸಿ ಹತ್ತಿದ್ದೆ ಗುಡ್ಡ.

ಕಲ್ಲಿದ್ದಲ ಹೊಗೆ ಇಳಿಯುತ್ತಿತ್ತು. ಕೆಳಗಿನ ಸಾಲು ಹಿಡಿದು
ಎಣಿಸುತ್ತ ನಡೆದೆ. ಐದು, ಆರು.
ಏಳನೆಯ ಬೇಲಿಯ ಮುಂದೆ ನಿಂತು
ನಮ್ಮ ಕಡೆ ಬಂದವರೆಲ್ಲ ಕೂಗುವಂತೆ ಕೂಗಿದೆ:
ನಾಯಿ ಹಿಡಕೊಳ್ಳಿ!